ದೋಣಿಯ ಬಾಳು ದಡದಲ್ಲಿ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಲೋಕದ ನಡತೆಯನ್ನು ನಮ್ಮ ಗಾದೆ ಚೆನ್ನಾಗಿ ಬಲ್ಲದು. ಇತಿಹಾಸಕಾರರೂ ಇದಕ್ಕೆ ಹೊರತಾದವರಲ್ಲ. ಸೈನ್ಯ ನದಿಯನ್ನು ದಾಟಿದುದನ್ನು ಅವರು ಬರೆದಿಡುತ್ತಾರೆ. ದಾಟಿಸಿದ ದೋಣಿ ಆ ಬಳಿಕ ಏನಾಯಿತೆಂದು ಕೇಳುವುದು ಅಪರೂಪ. ಆದರೆ ದೋಣಿಯ ಆಯುಷ್ಯ ನಿರ್ಧಾರವಾಗುವುದು ಪಯಣ ಮುಗಿದ ಮೇಲೆ, ದಡದಲ್ಲಿ ಅದಕ್ಕೆ ದೊರೆಯುವ ಆರೈಕೆಯಿಂದ.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಹೋಗುವವರು ಬುಟ್ಟಿಯಂತೆ ದುಂಡಾದ ದೋಣಿಗಳಲ್ಲಿ ತುಂಗಭದ್ರೆಯನ್ನು ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. 15-20 ಜನರನ್ನು ಹೊರುವಷ್ಟು ಕಸುವು. ನೆಟ್ಟಗೆ ಸಾಗದೆ ಸುತ್ತುತ್ತಲೇ ಮುಂದುವರಿಯುವ ಗತಿ. ಇದೇ ನಮ್ಮ ಹರಿಗೋಲು. ಬ್ಯಾಬಿಲೋನಿನ ಹೊಳೆಯಲ್ಲಿಯೂ ಇಂಥ ದೋಣಿಗಳಿದ್ದುವೆಂದು ಕ್ರಿಸ್ತಪೂರ್ವ 5ನೆಯ ಶತಮಾನದ ಹೆರೊಡೊಟಸ್ ಹೇಳುತ್ತಾನೆ. ಅಲ್ಲಿಯ ವರ್ತಕರು ಸರಕಿನೊಡನೆ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರಂತೆ. ಚರ್ಮ ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆ ಚರ್ಮಕ್ಕೆ ನೀರೇ ಶತ್ರು. ಸದಾ ನೆನೆದಿದ್ದರೆ ಅದು ಮೆತ್ತಗಾಗಿ ಕೊಳೆಯುತ್ತದೆ. ಆದ್ದರಿಂದ ಕೆಲಸ ಮುಗಿದೊಡನೆ ಹರಿಗೋಲನ್ನು ದಡಕ್ಕೆಳೆದು, ಬೋರಲು ಹಾಕಿ ಒಣಗಿಸಬೇಕು. ಹರಿದಲ್ಲಿ ತೇಪೆ ಹಾಕಬೇಕು, ಸಡಿಲಿದಲ್ಲಿ ಬಿಗಿಯಬೇಕು. ಇಂದು ಹಂಪೆಯಲ್ಲಿ ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಆದರೂ ದಡದಲ್ಲಿ ಬೋರಲಾಗಿ ಮಲಗಿದ ಹರಿಗೋಲುಗಳ ನೋಟ ಮರೆಯಾಗಿಲ್ಲ.

ವಿಜಯನಗರದ ಕುದುರೆಗಳು ಬಂದಿಳಿಯುತ್ತಿದ್ದ ಭಟ್ಕಳದ ಕರಾವಳಿಯಲ್ಲಾದರೋ ಶತ್ರು ಬೇರೆ. ಇಂದಿನ ದೋಣಿಯ ಹಿಂಬದಿಗೆ ತಗುಲಿಸಿದ ಎಂಜಿನ್ನು ತನ್ನ ಕಾವನ್ನು ತಣಿಸಿಕೊಳ್ಳಲು ಕಡಲ ನೀರನ್ನೇ ಹೀರಿ ಹೊರಚೆಲ್ಲುತ್ತದೆ. ಎಂಜಿನ್ನು ನಿಂತ ಮೇಲೆ ಒಳಗುಳಿದ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅದು ಕಿರುನಾಳಗಳನ್ನು ಕಟ್ಟುತ್ತದೆ, ಲೋಹವನ್ನು ತಿನ್ನುತ್ತದೆ. ಆದುದರಿಂದ, ದೋಣಿ ಉಪ್ಪುನೀರಿನಲ್ಲಿಯೇ ತಂಗಿದ್ದರೂ, ಎಂಜಿನ್ನನ್ನು ಮೇಲೆತ್ತಿ ಕೊಳವೆಯಿಂದ ಸಿಹಿನೀರು ಹಾಯಿಸಿ ಅದರ ಒಡಲನ್ನು ತೊಳೆಯುವುದು ಬಲ್ಲವರ ಪದ್ಧತಿ. ಸೊಂಡೂರಿನ ಬೆಟ್ಟಗಳ ಕೆಂಪು ಅದಿರು ಕಬ್ಬಿಣ ಮತ್ತು ಆಮ್ಲಜನಕಗಳ ಕೂಟ. ತುಕ್ಕು ಅದರ ಜ್ಞಾತಿ. ಬೆಂಕಿಯಲ್ಲಿ ಬೇಯಿಸಿ ಪಡೆದ ಕಬ್ಬಿಣವನ್ನು ಮರಳಿ ಮಣ್ಣಾಗಿಸುವ ಕೆಲಸಕ್ಕೆ ಉಪ್ಪುನೀರು ಅವಸರಪಡಿಸುತ್ತದೆ. ತುಂಗಭದ್ರೆಯಲ್ಲಿ ದೋಣಿಯನ್ನು ಕೊಳೆಸುವ ಸಿಹಿನೀರೇ ಕಡಲಿನಲ್ಲಿ ಅದರ ರಕ್ಷಕ. ಶತ್ರು ಬೇರೆಯಾದರೂ ಕರ್ತವ್ಯ ಒಂದೇ: ಪಯಣದ ಶೇಷವನ್ನು ಒಡಲಲ್ಲಿ ಉಳಿಯಗೊಡದಿರುವುದು.

ಹಂಪೆಯ ವಿಠಲ ದೇವಾಲಯದ ಬಳಿ, ಹೊಳೆಯ ನಡುವೆ, ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳು ಇಂದಿಗೂ ನಿಂತಿವೆ. ಅವುಗಳ ಮೇಲೆ ದಾರಿಯಿಲ್ಲ. 1565ರಲ್ಲಿ ರಾಜಧಾನಿ ಹಾಳಾದ ಮೇಲೆ ಅದನ್ನು ಮರಳಿ ಕಟ್ಟುವ ಕೈಗಳು ಬರಲಿಲ್ಲ. ತಳವಾರಘಟ್ಟ ಮತ್ತು ಆನೆಗೊಂದಿಯ ನಡುವಣ ಹೊಸ ಸೇತುವೆ 2009ರ ಜನವರಿಯಲ್ಲಿ, ಕಟ್ಟುತ್ತಿದ್ದಾಗಲೇ ಕುಸಿದು ಹಲವು ಕಾರ್ಮಿಕರ ಜೀವ ತೆಗೆಯಿತು. ಕೆಳಗಡೆ, ಕಂಪ್ಲಿಯ ಸೇತುವೆ ಎಷ್ಟೋ ಮಳೆಗಾಲಗಳಲ್ಲಿ ನೀರಿನಡಿ ಮುಳುಗಿದೆ. ಕಲ್ಲಿನ ಮುಂದೆ ಹರಿಗೋಲಿನ ಬಾಳು ತೀರ ಅಲ್ಪ. ಆದರೂ ಹರಿಗೋಲೆಂಬ ರೂಪ ಪಾಯೆಸನ ಕಾಲದಿಂದ ಐದು ಶತಮಾನ ಬಾಳಿದೆ. ಬಿದಿರು ಸೀಳಿದ ಮೇದಾರ, ಚರ್ಮ ಹದಮಾಡಿದ ಕುಶಲಿ, ಹುಟ್ಟು ಹಿಡಿದ ಅಂಬಿಗ, ಇವರು ಹಳೆಯದು ಹೋದಂತೆ ಹೊಸದನ್ನು ಹೆಣೆಯುತ್ತ ಬಂದುದೇ ಇದಕ್ಕೆ ಕಾರಣ.

ಈ ಪರಂಪರೆಯಲ್ಲಿ ನಮಗೆ ಹೆಸರು ತಿಳಿದಿರುವವನು 12ನೆಯ ಶತಮಾನದ ಅಂಬಿಗರ ಚೌಡಯ್ಯ. ಅದೂ ಅವನು ವಚನಕಾರನಾದುದರಿಂದ. ಉಳಿದವರು ಅನಾಮಧೇಯರು. 1986ರಲ್ಲಿ ಹಂಪೆಯ ಸ್ಮಾರಕಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಕಲ್ಲಿಗೆ ಕಾವಲು ದೊರೆಯಿತು. ಕಲ್ಲು ತಾನಾಗಿ ನಿಂತಿರಬಲ್ಲದು, ಹರಿಗೋಲು ನಿಲ್ಲಲಾರದು. ಹೆಣೆಯುವ ಕೈಯೊಂದು ತಲೆಮಾರಿನ ಮಟ್ಟಿಗೆ ಬಿಡುವಾದರೂ ಸಾಕು, ಅದರ ವಿದ್ಯೆಯನ್ನು ಮರಳಿ ಕಲಿಯಲು ನಮಗೆ ಶಾಸನವೂ ಇಲ್ಲ, ಗ್ರಂಥವೂ ಇಲ್ಲ.