ಬೆಕ್ಕೂ ಮನೆಯಂಗಳದ ಗಿಡವೂ

ಚರಿತ್ರೆಯೆಂದೊಡನೆ ನಾವು ಅರಸರನ್ನೂ ಶಾಸನಗಳನ್ನೂ ನೆನೆಯುತ್ತೇವೆ. ಹೊಸ್ತಿಲಲ್ಲಿ ಮಲಗಿದ ಬೆಕ್ಕಿಗೂ ಕುಂಡದಲ್ಲಿ ಬೆಳೆದ ಗಿಡಕ್ಕೂ ಚರಿತ್ರೆಯುಂಟು. ಇವೆರಡೂ ಬೇರೆ ಬೇರೆ ಹಾದಿಗಳಿಂದ ನಮ್ಮ ಮನೆಯನ್ನು ಸೇರಿದವು. ಒಮ್ಮೊಮ್ಮೆ ಒಂದು ಇನ್ನೊಂದಕ್ಕೆ ಮೃತ್ಯುವಾಗುತ್ತದೆ.

ಬೆಕ್ಕು ಬಂದದ್ದು ಕಣಜದ ಇಲಿಯನ್ನರಸಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಸಮೀಪದಲ್ಲೇ ಬೆಕ್ಕಿನ ಅಸ್ಥಿಯೂ ದೊರೆತಿದೆ. ಮಾಂಸಾಹಾರಕ್ಕೇ ಒಗ್ಗಿದ ಅದರ ಯಕೃತ್ತಿಗೆ ಹಲವು ವಿಷಗಳನ್ನು ನಿವಾರಿಸುವ ಶಕ್ತಿ ಕಡಿಮೆ. ಆದರೂ ಎಲೆ ಮೆಲ್ಲುವ ಚಪಲವನ್ನು ಅದು ಬಿಟ್ಟಿಲ್ಲ. ಮೈಗಂಟಿದುದನ್ನೆಲ್ಲ ನೆಕ್ಕಿ ತೆಗೆಯುವುದಂತೂ ಅದರ ನಿತ್ಯವಿಧಿ.

ಅಕ್ಕೋಳವಿರುವ ನಿಪ್ಪಾಣಿಯ ಸೀಮೆ ಬೀಡಿ ತಂಬಾಕಿಗೆ ಹೆಸರಾದುದು. ಅಮೆರಿಕದ ಈ ಗಿಡ ಪೋರ್ತುಗೀಜರ ಮೂಲಕ ದಖ್ಖನಕ್ಕೆ ಬಂದಿತು. ಅಕ್ಬರನ ದೂತ ಅಸದ್ ಬೇಗನು 1604ರ ಸುಮಾರಿಗೆ ಅದನ್ನು ವಿಜಾಪುರದಿಂದ ಕೊಂಡೊಯ್ದು ಬಾದಶಹನ ಮುಂದಿರಿಸಿದನು. ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡವು ಕೂಡಿಟ್ಟ ನಿಕೋಟಿನನ್ನು 1828ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮನ್ ಬೇರ್ಪಡಿಸಿದರು. ತಂಬಾಕಿನ ಪುಡಿ ಬೆಕ್ಕಿನ ಹೊಟ್ಟೆ ಸೇರಿದರೆ ಜೊಲ್ಲು, ವಾಂತಿ, ನಡುಕ ತಲೆದೋರುತ್ತವೆ. ಹೆಚ್ಚಾದರೆ ಉಸಿರೇ ನಿಲ್ಲಬಹುದು.

ಪೂಜೆಗೆಂದು ಬೆಳೆಸುವ ಕಣಗಿಲದ ಎಲೆಯೂ ಹೂವೂ ಹೃದಯದ ಬಡಿತವನ್ನೇ ಕೆಡಿಸುತ್ತವೆ. ಇವೆಲ್ಲಕ್ಕಿಂತ ಕ್ರೂರವಾದದ್ದು ಈಚೆಗೆ ಹೂಗುಚ್ಛಗಳಲ್ಲಿ ಮನೆ ಹೊಕ್ಕ, ತುತ್ತೂರಿಯಾಕಾರದ ಲಿಲಿ. ಮನುಷ್ಯನಿಗೆ ಅಷ್ಟು ಕೇಡುಮಾಡದ ಈ ಹೂವಿನ ಪರಾಗವನ್ನು ನೆಕ್ಕಿದರೂ, ಹೂದಾನಿಯ ನೀರನ್ನು ಕುಡಿದರೂ ಬೆಕ್ಕಿನ ಮೂತ್ರಪಿಂಡಗಳು ಎರಡು ಮೂರು ದಿನಗಳಲ್ಲಿ ಕೆಲಸ ನಿಲ್ಲಿಸಬಹುದು. ಮೊದಲ ದಿನ ವಾಂತಿಯಾಗಿ ಬಳಿಕ ಚೇತರಿಸಿದಂತೆ ಕಾಣುವುದುಂಟು. ಆ ನೆಮ್ಮದಿಯನ್ನು ನಂಬಲಾಗದು.

ಹಾಗಾದರೆ ನಾವು ಮಾಡಬೇಕಾದದ್ದೇನು? ಬೆಕ್ಕಿರುವ ಮನೆಗೆ ಲಿಲಿಯನ್ನು ತರದಿರುವುದು. ಬೆಕ್ಕು ಎತ್ತರಕ್ಕೂ ನೆಗೆಯಬಲ್ಲುದಾದ್ದರಿಂದ ಅಟ್ಟದ ಮೇಲಿಟ್ಟರೆ ಸಾಲದು. ತಂಬಾಕನ್ನು ಮುಚ್ಚಳವಿರುವ ಡಬ್ಬಿಯಲ್ಲಿಡುವುದು. ಕತ್ತರಿಸಿದ ಕಣಗಿಲದ ರೆಂಬೆಗಳನ್ನು ಅಂಗಳದಲ್ಲಿ ಚೆಲ್ಲದಿರುವುದು. ಮೆಲ್ಲುವ ಚಪಲಕ್ಕೆ ಬಟ್ಟಲೊಂದರಲ್ಲಿ ಗೋದಿಯ ಸಸಿ ಬೆಳೆಸಿದರಾಯಿತು. ವಿಷ ತಿಂದಿತೆಂದು ಸಂಶಯ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಗಿಡದ ತುಣುಕಿನೊಡನೆ ಒಡನೆಯೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಗಿಡಕ್ಕೆ ವಿಷವು ಆತ್ಮರಕ್ಷಣೆ. ಬೆಕ್ಕಿಗೆ ಮೆಲ್ಲುವುದು ಸ್ವಭಾವ. ಇವುಗಳಲ್ಲಿ ಯಾವುದನ್ನೂ ದೂರುವಂತಿಲ್ಲ. ಎರಡನ್ನೂ ಒಂದೇ ಸೂರಿನಡಿ ತಂದು ನಿಲ್ಲಿಸಿದವರು ನಾವು. ಅವುಗಳ ನಡುವೆ ಅಂತರವನ್ನು ಕಾಯುವ ಹೊಣೆಯೂ ನಮ್ಮದೇ.