ಕೆತ್ತಿದ ಕಲ್ಲಿನ ಮರುಬಳಕೆ: ಬಾದಾಮಿ–ಐಹೊಳೆ ಪರಿಸರ

ಬಾಗಲಕೋಟೆ ಜಿಲ್ಲೆಯ ಮಲಪ್ರಭಾ ಕಣಿವೆಯಲ್ಲಿ ಬಾದಾಮಿ ಚಾಲುಕ್ಯರ ಕಾಲದಲ್ಲಿ, ಎಂದರೆ 6ರಿಂದ 8ನೆಯ ಶತಮಾನದವರೆಗೆ, ಕೆತ್ತಿದ ಕಲ್ಲಿಗೆ ದೊರೆತ ಹೊಸ ಬಳಕೆ, ಹೊಸ ಒಡೆತನಗಳ ಚರಿತ್ರೆ ಇದು. ಮರಳುಗಲ್ಲಿನ ಗುಡ್ಡಗಳ ನಡುವಿನ ಈ ಸೀಮೆಯಲ್ಲಿ ಕಲ್ಲಿಗೆ ಬರವಿರಲಿಲ್ಲ. ಕೆತ್ತಿದ ಕಲ್ಲಿನ ಬೆಲೆ ಅದರ ಹಿಂದಿದ್ದ ಹೆಸರಿನಲ್ಲಿತ್ತು.

642ರಲ್ಲಿ ವಾತಾಪಿಯನ್ನು, ಎಂದರೆ ಬಾದಾಮಿಯನ್ನು, ಹಿಡಿದ ಪಲ್ಲವ ಒಂದನೆಯ ನರಸಿಂಹವರ್ಮ ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನ ಕೊರೆಸಿದ. ಸುಮಾರು ನೂರು ವರ್ಷದ ಮೇಲೆ ಕಂಚಿಯನ್ನು ಗೆದ್ದ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಅಲ್ಲಿನ ಕೈಲಾಸನಾಥ ಗುಡಿಯ ಕಂಬದಲ್ಲಿ ಕನ್ನಡ ಶಾಸನ ಬರೆಸಿ, ದೇವರ ಸೊತ್ತನ್ನು ದೇವರಿಗೇ ಬಿಟ್ಟುಕೊಟ್ಟ. ಶತ್ರುವಿನ ಕಲ್ಲನ್ನು ತನ್ನದಾಗಿಸಿಕೊಳ್ಳಲು ಉಳಿಯ ನಾಲ್ಕು ಸಾಲು ಸಾಕಾಗುತ್ತಿತ್ತು. ಕಂಚಿಯ ಗೆಲುವಿನ ನೆನಪಿಗೆ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಸೂತ್ರಧಾರಿ ಗುಂಡನಿಗೆ ‘ತ್ರಿಭುವನಾಚಾರಿ’ ಬಿರುದು ಸಂದಿತು. ಗುಡಿಯಲ್ಲಿ ಕಂಚಿಯ ಶೈಲಿಯ ಛಾಯೆ ಎದ್ದು ಕಾಣುತ್ತದೆ.

ವಾತಾಪಿ ಗಣಪತಿಯ ಕತೆ ಎಲ್ಲರಿಗೂ ಗೊತ್ತು. ಪಲ್ಲವರ ಸೇನಾನಿ ಪರಂಜೋತಿ ಆ ಮೂರ್ತಿಯನ್ನು ತಮಿಳುನಾಡಿನ ತಿರುಚೆಂಗಾಟ್ಟಂಗುಡಿಗೆ ಒಯ್ದನೆಂಬುದು ಐತಿಹ್ಯ. ಆದರೆ ಅವನ ದಂಡಯಾತ್ರೆಯನ್ನು ಹೇಳುವ 12ನೆಯ ಶತಮಾನದ ‘ಪೆರಿಯಪುರಾಣ’ ಆನೆ, ಕುದುರೆ, ಒಡವೆಗಳನ್ನು ಎಣಿಸಿ ಗಣಪತಿಯ ಮಾತೆತ್ತುವುದಿಲ್ಲ. ಹಾಗಾಗಿ ಕತೆಯನ್ನು ಕತೆಯೆಂದೇ ಓದುವುದು ಲೇಸು. ಕಲ್ಲೇ ಸಾಕ್ಷಿ ನುಡಿಯುವ ಪ್ರಸಂಗ ಮುಂದಿನ ಕಾಲದ್ದು: ಚೋಳ ರಾಜಾಧಿರಾಜ 11ನೆಯ ಶತಮಾನದಲ್ಲಿ ಚಾಲುಕ್ಯರ ಕಲ್ಯಾಣ ಪಟ್ಟಣವನ್ನು ಸುಟ್ಟು ತಂದ ದ್ವಾರಪಾಲಕನ ಪೀಠದಲ್ಲಿ ಆ ಸಂಗತಿಯೇ ಕೆತ್ತಿದೆ. ದಾರಾಸುರಂನಲ್ಲಿದ್ದ ಅದು ಈಗ ತಂಜಾವೂರಿನಲ್ಲಿದೆ.

ಹುನಗುಂದ ತಾಲೂಕಿನ ಐಹೊಳೆಯಲ್ಲಿ ನಡೆದದ್ದು ಬಡವರ ಮರುಬಳಕೆ. ಗುಡಿಗಳು ಮನೆಗಳಾದವು, ಒಂದಕ್ಕೆ ಅಲ್ಲಿ ವಾಸವಿದ್ದ ಲಾಡ್ ಖಾನನ ಹೆಸರೇ ನಿಂತಿತು. ದುರ್ಗದ ಗುಡಿಯ ಹೆಸರಿಗೂ ದುರ್ಗಾದೇವಿಗೂ ಸಂಬಂಧವಿಲ್ಲ: ಕೋಟೆಗೆ ಅಂಟಿಕೊಂಡಿದ್ದ ಈ ಗುಡಿಯ ಮಾಳಿಗೆಯ ಮೇಲೆ ಕಾವಲಿಗೆಂದು ಒಡ್ಡುಗಲ್ಲಿನ ಕಟ್ಟಡವೂ ಎದ್ದಿತ್ತು.

ಆಧುನಿಕ ಕಾಲದಲ್ಲಿ ಕಲ್ಲು ಹೊರಟದ್ದು ವಸ್ತುಸಂಗ್ರಹಾಲಯಗಳಿಗೆ. ಚಾಲುಕ್ಯ ದೊರೆ ಮಂಗಳೇಶನು ಕಳಚುರಿಗಳಿಂದ ಗೆದ್ದ ಸಂಪತ್ತನ್ನು ಮಕುಟೇಶ್ವರನಿಗೆ ಅರ್ಪಿಸಿದ್ದನ್ನು ಹೇಳುವ ಮಹಾಕೂಟದ ಕಂಬ ವಿಜಯಪುರದ ಗೋಳಗುಮ್ಮಟದ ಸಂಗ್ರಹಾಲಯಕ್ಕೆ ಹೋಯಿತು. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯ ಬ್ರಹ್ಮ, ವಿಷ್ಣು, ಶಿವರ ಫಲಕಗಳು ಮುಂಬಯಿ ಸೇರಿದವು. ನಾಗನಾಥಕೊಳ್ಳದ ಲಜ್ಜಾಗೌರಿ ಮಾತ್ರ ಬಾದಾಮಿಯ ಸಂಗ್ರಹಾಲಯದಲ್ಲೇ ಇದ್ದಾಳೆ. ಪುರಾತನ ಶಿಲ್ಪಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ನಿಷೇಧಿಸಿದೆ. ಇಂದು ಜಿಲ್ಲೆಯಿಂದ ಹಡಗೇರುವ ಕಲ್ಲು ಇಳಕಲ್ಲಿನ ಕೆಂಪು ಗ್ರಾನೈಟ್.