ಹಾಲಿನ ಕೊಟ್ಟಿಗೆಯೂ ಊರಿನ ಬೊಕ್ಕಸವೂ

ಬೆಳಗಿನ ಪಾವು ಹಾಲು ಬಾಗಿಲಿಗೆ ಬಂದಾಗ, ಅದರ ಹಿಂದಿರುವ ಕೊಟ್ಟಿಗೆಯನ್ನು ಪಟ್ಟಣಿಗರಾದ ನಾವು ನೆನೆಯುವುದು ಅಪರೂಪ. ಆ ಕೊಟ್ಟಿಗೆಗೆ ರೋಗ ಹೊಕ್ಕರೆ ನಷ್ಟವನ್ನು ಹೊರತಕ್ಕವರು ಯಾರು? ಈ ಪ್ರಶ್ನೆಗೆ ಇತಿಹಾಸವು ಉತ್ತರ ಕೊಟ್ಟಿದೆ.

1865ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗವು ಲಂಡನ್ನಿನ ಹಾಲಿನ ಕೊಟ್ಟಿಗೆಗಳಲ್ಲಿ ಕಾಣಿಸಿಕೊಂಡಿತು. ಆಗ ಆ ಮಹಾನಗರದ ಒಳಗೇ ಹಸುಗಳನ್ನು ಇಕ್ಕಟ್ಟಾಗಿ ಕಟ್ಟಿ ಸಾಕುತ್ತಿದ್ದರು. ರೋಗಕ್ಕೆ ಮದ್ದಿರಲಿಲ್ಲ, ಹಾಲು ಬತ್ತುವುದು, ಕೆಲವೇ ದಿನಗಳಲ್ಲಿ ಪ್ರಾಣವೂ ಹೋಗುವುದು. ನಷ್ಟವೆಲ್ಲವೂ ತಮ್ಮ ತಲೆಯ ಮೇಲೆಯೇ ಎಂದು ಕಂಡ ಹಾಲಿನವರು ಮಾಡಿದುದೇನು? ರೋಗದ ಸುಳಿವು ದೊರೆತೊಡನೆ ಹಸುಗಳನ್ನು ಸಂತೆಗೆ ಅಟ್ಟಿದರು. ಅವರು ಉಳಿಸಿಕೊಂಡ ನಾಲ್ಕು ಕಾಸಿನ ಬೆನ್ನಿಗೆ ರೋಗವು ನಾಡೆಲ್ಲ ಹಬ್ಬಿ, ಲಕ್ಷಗಟ್ಟಲೆ ರಾಸುಗಳನ್ನು ಬಲಿ ತೆಗೆದುಕೊಂಡಿತು.

1866ರ ಫೆಬ್ರವರಿಯಲ್ಲಿ ಪಾರ್ಲಿಮೆಂಟು ಎಚ್ಚತ್ತಿತು. ರೋಗದ ರಾಸುಗಳನ್ನು ಕೊಲ್ಲತಕ್ಕದ್ದು. ಒಡೆಯನಿಗೆ ಬೆಲೆಯ ಅರ್ಧದವರೆಗೆ, 20 ಪೌಂಡು ಮೀರದಂತೆ, ಪರಿಹಾರ ಕೊಡತಕ್ಕದ್ದು ಎಂದು ಶಾಸನವಾಯಿತು. ರಾಸುಗಳ ಸಾಗಾಟಕ್ಕೂ ತಡೆ ಬಿದ್ದಿತು. ರೋಗವನ್ನು ಬಚ್ಚಿಡುವುದರಲ್ಲಿ ಇದ್ದ ಲಾಭ ಕುಗ್ಗಿತು. 1867ರ ಹೊತ್ತಿಗೆ ರೋಗವೂ ಅಡಗಿತು.

ಗೋವನ್ನು ಕೊಲ್ಲುವ ಮಾರ್ಗವು ನಮ್ಮ ಜನಕ್ಕೆ ಒಪ್ಪತಕ್ಕದ್ದಲ್ಲ. ಇಲ್ಲಿ ಸೀರಮ್ಮೂ ಲಸಿಕೆಯೂ ಆಸರೆಯಾದುವು. ಇದಕ್ಕಾಗಿ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆಯು ಹುಟ್ಟಿತು; 1954ರಲ್ಲಿ ದೇಶವ್ಯಾಪಿಯಾದ ನಿರ್ಮೂಲನ ಕಾರ್ಯವು ಮೊದಲಾಯಿತು. 2011ರಲ್ಲಿ ಈ ರೋಗವು ಭೂಮಂಡಲದಿಂದಲೇ ತೊಲಗಿತೆಂದು ಘೋಷಣೆಯಾಯಿತು.

ಮಾರ್ಗಗಳು ಬೇರೆಯಾದರೂ ನೀತಿ ಒಂದೇ. ಬಡ ಹಾಲಿನವನ ನಷ್ಟದಲ್ಲಿ ಊರು ಪಾಲುಗೊಂಡರೆ ಊರೇ ಉಳಿಯುತ್ತದೆ. ಪಾವು ಹಾಲಿನ ಬೆಲೆಯಲ್ಲಿ ಈ ಋಣವೂ ಸೇರಿದೆಯೆಂಬುದನ್ನು ನಾವು ಮರೆಯಬಾರದು.